ಲೋಹದ ಮೇಲೆ ಎಣ್ಣೆಯ ಹಿಡಿತ: ಕೀಲೆಣ್ಣೆಯಲ್ಲಿನ ಮೇದಾಮ್ಲಗಳ ವಿಚಾರ

ಅಂಕೋಲಾ ತಾಲ್ಲೂಕಿನ ಬೊಬ್ರುವಾಡವೇ ಮೊದಲಾದ ಕರಾವಳಿಯ ಗ್ರಾಮಗಳಲ್ಲಿ ನೀರೆತ್ತುವ ಡೀಸೆಲ್ ಎಂಜಿನುಗಳು ಜೂನ್ ತಿಂಗಳಲ್ಲಿ ಮಳೆ ಹಿಡಿದೊಡನೆ ಕೊಟ್ಟಿಗೆಯನ್ನು ಸೇರುವುವು. ಟಿಲ್ಲರುಗಳು ಗದ್ದೆಯ ಉಳುಮೆ ಮುಗಿದು ನಟ್ಟಿಯಾದ ಮೇಲೆ ಅದೇ ಮೂಲೆಗೆ ಬರುವುವು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಈ ಸೀಮೆಯಲ್ಲಿ ಗಾಳಿಯಲ್ಲಿ ತೇವವಲ್ಲದೆ ಕಡಲಿನ ಉಪ್ಪೂ ಇರುವುದು. ನಾಲ್ಕೈದು ತಿಂಗಳು ಕಳೆದು ಶೇಂಗಾ, ತರಕಾರಿ ಮತ್ತು ತೆಂಗಿನ ತೋಟಗಳಿಗೆ ನೀರು ಬೇಕಾದಾಗ ಎಂಜಿನನ್ನು ಹೊರಕ್ಕೆ ತಂದು ಹಿಡಿಯನ್ನು ತಿರುಗಿಸಿದರೆ ಕೆಲವು ಮಿಸುಕುವುದೇ ಇಲ್ಲ. ಕೆಲವು ಮಿಸುಕಿದರೂ ಎರಡು ವಾರಗಳೊಳಗೆ ಪಂಪಿನ ಬಲ ಕುಂದಿ, ಬಿಚ್ಚಿ ನೋಡಿದಲ್ಲಿ ನುಣುಪಾಗಿರಬೇಕಾದ ಲೋಹದ ಮೇಲೆ ಗೀರುಗಳು ಕಾಣುವುವು. ರಿಪೇರಿಯ ಖರ್ಚು ಒಂದು ಕಡೆ. ಬಿಡಿಭಾಗಗಳು ಬರುವವರೆಗೆ ಒಣಗುವ ಬೆಳೆಯ ನಷ್ಟವು ಅದಕ್ಕಿಂತ ದೊಡ್ಡದು.

ಇಂತಹ ಸಂದರ್ಭದಲ್ಲಿ ಯಜಮಾನರು ಸಾಮಾನ್ಯವಾಗಿ ಹೇಳುವ ಮಾತು, ಎಣ್ಣೆ ತುಂಬಿಯೇ ಇಟ್ಟಿದ್ದೆವು ಎಂಬುದು. ಆ ಮಾತು ಸುಳ್ಳಲ್ಲ. ಆದರೆ ತೊಟ್ಟಿಯಲ್ಲಿ ತುಂಬಿರುವ ಎಣ್ಣೆ ಬೇರೆ, ಲೋಹದ ಮೈಗೆ ಅಂಟಿಕೊಂಡು ನಿಂತಿರುವ ಎಣ್ಣೆ ಬೇರೆ. ಯಂತ್ರವು ವೇಗವಾಗಿ ತಿರುಗುತ್ತಿರುವಾಗ ಮೊದಲನೆಯದು ಕಾಪಾಡುತ್ತದೆ. ಯಂತ್ರವು ಹೊರಡುವಾಗ, ನಿಲ್ಲುವಾಗ, ಅಥವಾ ಭಾರ ಹೊತ್ತು ಮೆಲ್ಲಗೆ ತಿರುಗುವಾಗ ಕಾಪಾಡುವುದು ಎರಡನೆಯದು ಮಾತ್ರ. ಈ ಎರಡನೆಯದರ ಸ್ವರೂಪವೇನು, ಅದು ಹೇಗೆ ನಿಲ್ಲುವುದು, ಹೇಗೆ ಕೆಡುವುದು ಎಂಬುದನ್ನು ತಿಳಿದಿದ್ದರೆ ಯಂತ್ರಗಳ ಆಯುಷ್ಯವನ್ನು ಕಡಮೆ ಖರ್ಚಿನಲ್ಲಿ ಹೆಚ್ಚಿಸಬಹುದು.

ಎಣ್ಣೆಯ ಎರಡು ಬಗೆಯ ಕೆಲಸ

ಹೊಳೆಯುವಂತೆ ಉಜ್ಜಿದ ಉಕ್ಕು ಕಣ್ಣಿಗೆ ನುಣುಪಾಗಿ ಕಂಡರೂ ಸೂಕ್ಷ್ಮದರ್ಶಕದಲ್ಲಿ ಅದು ಉತ್ತ ಹೊಲದಂತೆ ದಿಣ್ಣೆ ತಗ್ಗುಗಳಿಂದ ಕೂಡಿರುತ್ತದೆ. ಅಂತಹ ಎರಡು ಮೈಗಳನ್ನು ಒಂದರ ಮೇಲೊಂದನ್ನು ಇಟ್ಟರೆ ಅವು ಎಲ್ಲೆಡೆಯೂ ತಾಗುವುದಿಲ್ಲ. ದಿಣ್ಣೆಯ ನೆತ್ತಿಗಳು ಮಾತ್ರ ತಾಗುವುವು. ಹೊರಿಸಿದ ಭಾರವೆಲ್ಲವೂ ಆ ಕೆಲವು ನೆತ್ತಿಗಳ ಮೇಲೆ ಬೀಳುವುದರಿಂದ ಅಲ್ಲಿ ಲೋಹವು ಲೋಹಕ್ಕೆ ಬೆಸೆದುಕೊಳ್ಳುತ್ತದೆ. ಎಳೆದಾಗ ಬೆಸುಗೆ ಹರಿದು ಚೂರು ಕಿತ್ತುಬರುತ್ತದೆ. ಘರ್ಷಣೆ ಎಂಬುದರ ಬಹುಭಾಗವೂ, ಸವೆತ ಎಂಬುದೂ ಈ ಬೆಸೆಯುವ ಹರಿಯುವ ಕ್ರಿಯೆಯೇ ಆಗಿದೆ.

ಅಚ್ಚು ವೇಗವಾಗಿ ತಿರುಗುತ್ತಿರುವಾಗ ಅದು ತನ್ನೊಡನೆ ಎಣ್ಣೆಯನ್ನು ಎಳೆದುಕೊಂಡು ಇಕ್ಕಟ್ಟಾದ ಸಂದಿಗೆ ನುಗ್ಗಿಸುವುದರಿಂದ, ನೀರಿನ ಮೇಲೆ ದೋಣಿಯು ತೇಲುವಂತೆ ಅಚ್ಚು ಎಣ್ಣೆಯ ಮೇಲೆ ತೇಲುತ್ತದೆ. ಆಗ ಲೋಹಕ್ಕೆ ಲೋಹ ತಾಗುವುದಿಲ್ಲ. ಇಲ್ಲಿ ಬೇಕಾದುದು ಎಣ್ಣೆಯ ಗಟ್ಟಿತನ ಮಾತ್ರ. ಅದು ಯಾವ ಎಣ್ಣೆಯೆಂಬುದು ಅಷ್ಟಾಗಿ ಮುಖ್ಯವಲ್ಲ. ಆದರೆ ವೇಗ ತಗ್ಗಿದರೆ ತೇಲುವಿಕೆ ನಿಲ್ಲುವುದು. ಕಬ್ಬಿನ ಗಾಣದ ಉರುಳೆಗಳು ನಿಧಾನವಾಗಿ ತಿರುಗುತ್ತ ಬಹಳ ಭಾರವನ್ನು ತಡೆಯುತ್ತವೆ. ಎತ್ತಿನ ಗಾಡಿಯ ಅಚ್ಚೂ ಹಾಗೆಯೇ. ಡೀಸೆಲ್ ಎಂಜಿನಿನಲ್ಲಿ ಪಿಸ್ಟನ್ನು ಮೇಲ್ತುದಿಯನ್ನೂ ಕೆಳತುದಿಯನ್ನೂ ಮುಟ್ಟಿ ಹಿಂದಿರುಗುವ ಪ್ರತಿಸಲವೂ ಒಂದು ಕ್ಷಣ ನಿಂತೇ ಇರುತ್ತದೆ. ತಿಂಗಳುಗಟ್ಟಲೆ ನಿಂತಿದ್ದು ಮೊದಲ ಸುತ್ತು ತಿರುಗುವ ಎಂಜಿನಿನಲ್ಲಿಯಂತೂ ಎಣ್ಣೆಯೆಲ್ಲ ತೊಟ್ಟಿಗೆ ಇಳಿದುಹೋಗಿ ಲೋಹದ ನೆತ್ತಿಗಳು ಒಂದಕ್ಕೊಂದು ಒರಗಿ ಕುಳಿತಿರುತ್ತವೆ. ಇಲ್ಲೆಲ್ಲ ಬೆಸುಗೆಯನ್ನು ತಡೆಯುವುದು ಲೋಹಕ್ಕೆ ಅಂಟಿದ, ಕಣ್ಣಿಗೆ ಕಾಣದ ಒಂದು ಪದರ.

ಆ ಪದರವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಕುಡುಗೋಲಿನ ಅಲಗನ್ನು ಬೂದಿ ಹುಣಿಸೆಹಣ್ಣುಗಳಿಂದ ಚೆನ್ನಾಗಿ ಬೆಳಗಿ ತೊಳೆದು ಅದರ ಮೇಲೆ ನೀರಿನ ಹನಿ ಹಾಕಿದರೆ ಹನಿಯು ಹರಡಿಕೊಳ್ಳುತ್ತದೆ. ಅನಂತರ ಅಲಗನ್ನು ಒರೆಸಿ, ಅದಕ್ಕೆ ಒಂದು ತೊಟ್ಟು ತೆಂಗಿನೆಣ್ಣೆಯನ್ನು ಸವರಿ, ಎಣ್ಣೆಯ ಗುರುತೇ ಉಳಿಯದಂತೆ ಒಣಬಟ್ಟೆಯಿಂದ ತಿಕ್ಕಿ ತೆಗೆದು, ಮತ್ತೆ ನೀರು ಹಾಕಬೇಕು. ಈ ಸಲ ನೀರು ಕೆಸುವಿನೆಲೆಯ ಮೇಲಿನಂತಲ್ಲದಿದ್ದರೂ ಮೊದಲಿನಂತೆ ಹರಡದೆ ಹನಿಯಾಗಿ ನಿಲ್ಲುವುದು. ಬಟ್ಟೆಯು ಎಣ್ಣೆಯನ್ನೆಲ್ಲ ತೆಗೆಯಿತು, ಆದರೆ ಕೊನೆಯ ಪದರವನ್ನು ತೆಗೆಯಲಿಲ್ಲ.

ಪದರದ ರಚನೆ

ತೆಂಗು, ಶೇಂಗಾ, ಹರಳು, ಹೊಂಗೆ, ಎಳ್ಳು ಮುಂತಾದ ಎಲ್ಲ ಬೀಜದೆಣ್ಣೆಗಳ ಅಣುವೂ ಮೂರು ದಂಟುಗಳನ್ನು ಒಂದು ಹುರಿಯಿಂದ ಕಟ್ಟಿದ ಸಿವುಡಿನಂತಿರುತ್ತದೆ. ಹುರಿಯೇ ಗ್ಲಿಸರಿನ್, ದಂಟುಗಳೇ ಮೇದಾಮ್ಲಗಳು. ಎಣ್ಣೆಗೆ ತೇವ ತಾಗಿ ಹಳತಾದರೆ ಕಟ್ಟು ಸಡಿಲಿ ದಂಟುಗಳು ಬಿಡಿಬಿಡಿಯಾಗುವುವು. ಎಣ್ಣೆಯು ಹುಳಿಯಾಗುವುದು ಹೀಗೆ. ಕಮಟಾಗುವುದಕ್ಕೂ ಇದು ಒಂದು ಕಾರಣ. ಭೂಮಿಯಿಂದ ತೆಗೆದ ಖನಿಜ ತೈಲದಲ್ಲಾದರೋ ಇಂತಹ ಆಮ್ಲಗಳು ಸಾಮಾನ್ಯವಾಗಿ ಇರುವುದಿಲ್ಲ. ಬೇಕಾದಲ್ಲಿ ಬೆರೆಸಬೇಕಾಗುತ್ತದೆ.

ಮೇದಾಮ್ಲದ ಒಂದು ಅಣುವಿಗೆ ತಲೆಯೂ ಬಾಲವೂ ಇವೆ. ಬಾಲವು ಜಲಜನಕದಿಂದ ಸುತ್ತುವರಿದ ಇಂಗಾಲದ ಸರಪಳಿ. ಇದರ ಸ್ವಭಾವ ಡೀಸೆಲ್ ಅಥವಾ ಎಂಜಿನ್ ಎಣ್ಣೆಯ ಸ್ವಭಾವವೇ. ಲೋಹದ ಮೇಲೆ ಇದಕ್ಕೆ ವಿಶೇಷ ಒಲವಿಲ್ಲ. ತಲೆಯಲ್ಲಿ ಆಮ್ಲಜನಕದ ಎರಡು ಪರಮಾಣುಗಳಿದ್ದು ಅದಕ್ಕೆ ಲೋಹದ ಮೇಲೆಯೂ, ಲೋಹವನ್ನು ಸದಾ ಮುಚ್ಚಿರುವ ತೆಳು ತುಕ್ಕಿನ ಪೊರೆಯ ಮೇಲೆಯೂ ಬಲವಾದ ಸೆಳೆತವಿದೆ. ಆದಕಾರಣ ಎಣ್ಣೆಯಲ್ಲಿ ಅಲೆಯುತ್ತಿರುವ ಈ ಅಣುಗಳು ಲೋಹದ ಬಳಿಗೆ ಬಂದಾಗ ತಲೆಯನ್ನು ಲೋಹಕ್ಕೆ ಊರಿ, ಬಾಲವನ್ನು ಎಣ್ಣೆಯ ಕಡೆಗೆ ಚಾಚಿ ನಿಲ್ಲುವುವು. ಕೆಸರಿನಲ್ಲಿ ಬೇರೂರಿಸಿ ನೆಟ್ಟ ಭತ್ತದ ಸಸಿಗಳ ಸಾಲನ್ನು ನೆನೆದರೆ ಚಿತ್ರವು ಕಣ್ಣಿಗೆ ಕಟ್ಟುವುದು. ಸಸಿಗಳು ದಟ್ಟವಾಗಿದ್ದರೆ ಒಂದಕ್ಕೊಂದು ಆಸರೆಯಾಗಿ ನೆಟ್ಟಗೆ ನಿಲ್ಲುವಂತೆ, ಅಣುಗಳು ದಟ್ಟವಾದಾಗ ಬಾಲಗಳು ಪರಸ್ಪರ ಒತ್ತಿಕೊಂಡು ಗಟ್ಟಿಯಾದ ಪದರವಾಗುತ್ತವೆ. ವಿರಳವಾಗಿದ್ದರೆ ಅಡ್ಡಬೀಳುತ್ತವೆ, ಲೋಹ ಬಯಲಾಗುತ್ತದೆ.

ಬಟ್ಟೆಯು ನೀರನ್ನು ಒಳಕ್ಕೆ ಎಳೆದುಕೊಳ್ಳುವುದಕ್ಕೆ ಹೀರಿಕೆ ಎಂಬ ಹೆಸರು ವಾಡಿಕೆಯಲ್ಲಿದೆ. ಇಲ್ಲಿ ಒಳಹೊಗುವುದೇನೂ ಇಲ್ಲ. ಮೈಮೇಲೆ ಮಾತ್ರ ನೆಲೆಸುವುದು. ಆದ್ದರಿಂದ ಶಾಸ್ತ್ರಜ್ಞರು ಇದನ್ನು ಅಧಿಶೋಷಣೆ ಎಂದು ಬೇರೆ ಹೆಸರಿನಿಂದ ಕರೆಯುತ್ತಾರೆ.

ಇಂತಹ ಪದರದ ದಪ್ಪವು ಒಂದು ಅಣುವಿನ ಉದ್ದವಷ್ಟೇ. 18 ಇಂಗಾಲಗಳ ಸ್ಟಿಯರಿಕ್ ಆಮ್ಲದ ಅಣುಗಳನ್ನು ಒಂದರ ತಲೆಯ ಮೇಲೊಂದರಂತೆ ನಿಲ್ಲಿಸುತ್ತ ಹೋದರೆ ಒಂದು ಮಿಲಿಮೀಟರ್ ಎತ್ತರಕ್ಕೆ ಸುಮಾರು 4 ಲಕ್ಷ ಅಣುಗಳು ಬೇಕಾಗುವುವು. ಜಮೀನಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಗ್ರಾಂ ಸ್ಟಿಯರಿಕ್ ಆಮ್ಲವನ್ನು ಒಂದೇ ಅಣುವಿನ ದಪ್ಪಕ್ಕೆ ದಟ್ಟವಾಗಿ ಹರಡಿದಲ್ಲಿ ಅದು ಸುಮಾರು 400 ಚದರ ಮೀಟರನ್ನು, ಎಂದರೆ 4 ಗುಂಟೆಯನ್ನು ಮುಚ್ಚುವುದು. ಹತ್ತು ಗ್ರಾಂ ಒಂದು ಎಕರೆಗೆ ಸಾಕು. ಎಣ್ಣೆಯಲ್ಲಿ ಅತ್ಯಲ್ಪವಾಗಿ ಸೇರಿಸಿದ ಪದಾರ್ಥವು ಇಡೀ ಯಂತ್ರದ ಮೈಯನ್ನು ಹೊದಿಸಬಲ್ಲುದೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಈ ಲೆಕ್ಕವು ಕಾಗದದ ಮೇಲಿನದು ಮಾತ್ರವಲ್ಲ. ಅಲೆಗಳ ಮೇಲೆ ಎಣ್ಣೆ ಚೆಲ್ಲಿದರೆ ಅವು ತಣಿಯುವುವೆಂಬುದು ನಾವಿಕರಿಗೆ ಪೂರ್ವದಿಂದಲೂ ಗೊತ್ತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಎಂಬವರು ಲಂಡನ್ನಿನ ಬಳಿಯ ಒಂದು ಕೊಳದಲ್ಲಿ ಒಂದು ಚಮಚೆಯಷ್ಟು ಎಣ್ಣೆಯನ್ನು ಹಾಕಿ, ಅದು ಸುಮಾರು ಅರ್ಧ ಎಕರೆ ನೀರನ್ನು ಕನ್ನಡಿಯಂತೆ ಶಾಂತಗೊಳಿಸಿದುದನ್ನು 1774ರಲ್ಲಿ ಪ್ರಕಟಿಸಿದರು. ಚಮಚೆಯನ್ನು ಅರ್ಧ ಎಕರೆಯಿಂದ ಭಾಗಿಸಿದರೆ ಬರುವ ದಪ್ಪವು ಒಂದು ಅಣುವಿನ ಉದ್ದಕ್ಕೆ ಬಹುಮಟ್ಟಿಗೆ ಸಮವಾಗಿದೆ. ಆದರೆ ಹಾಗೆ ಭಾಗಿಸಿ ನೋಡಬೇಕೆಂದು ನೂರು ವರ್ಷಗಳಿಗೂ ಹೆಚ್ಚು ಕಾಲ ಯಾರಿಗೂ ತೋಚಲಿಲ್ಲ. 1890ರಲ್ಲಿ ಲಾರ್ಡ್ ರೇಲಿ ಎಂಬವರು ಆ ಅಳತೆ ಮಾಡಿದರು. ಅದೇ ಸಮಯದಲ್ಲಿ ಜರ್ಮನಿಯ ಆಗ್ನೆಸ್ ಪೋಕೆಲ್ಸ್ ಎಂಬ ಮಹಿಳೆಯು ತನ್ನ ಅಡಿಗೆಮನೆಯಲ್ಲಿಯೇ ತಗಡಿನ ತಟ್ಟೆಯಲ್ಲಿ ನೀರು ಹಾಕಿ ಇದೇ ವಿಷಯವನ್ನು ಸೂಕ್ಷ್ಮವಾಗಿ ಪರೀಕ್ಷಿಸಿ 1891ರಲ್ಲಿ ಪ್ರಕಟಿಸಿದಳು. ಅಣುಗಳು ತಲೆ ಊರಿ ಬಾಲ ಚಾಚಿ ನಿಲ್ಲುತ್ತವೆಂಬುದನ್ನು 1917ರಲ್ಲಿ ಸ್ಥಾಪಿಸಿದವರು ಅಮೆರಿಕದ ಇರ್ವಿಂಗ್ ಲ್ಯಾಂಗ್ಮ್ಯೂರ್. ಮೇಲ್ಮೈಗಳ ಕುರಿತ ಕೆಲಸಕ್ಕಾಗಿ ಅವರಿಗೆ 1932ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಯಂತ್ರಗಳಿಗೆ ಇದರ ಉಪಯೋಗ ತಿಳಿದುಬಂದುದು ಮೊದಲನೆಯ ಮಹಾಯುದ್ಧದ ನಂತರ. ಆವರೆಗೆ ಭಾರದ ಯಂತ್ರಗಳಿಗೆ ಖನಿಜ ತೈಲಕ್ಕೆ ಬಹು ಪಾಲು ಬೀಜದೆಣ್ಣೆಯನ್ನು ಬೆರೆಸುವ ರೂಢಿಯಿತ್ತು. 1920ರಲ್ಲಿ ಇಂಗ್ಲೆಂಡಿನ ವೆಲ್ಸ್ ಮತ್ತು ಸೌತ್‌ಕೂಂಬ್ ಎಂಬವರು ಅಷ್ಟೊಂದು ಬೀಜದೆಣ್ಣೆಯ ಬದಲು ಬಿಡಿ ಮೇದಾಮ್ಲವನ್ನು ನೂರಕ್ಕೆ ಒಂದೆರಡು ಪಾಲು ಹಾಕಿದರೂ ಘರ್ಷಣೆಯು ತಗ್ಗುವುದೆಂದು ತೋರಿಸಿದರು. 1922ರಲ್ಲಿ ವಿಲಿಯಂ ಹಾರ್ಡಿ ಮತ್ತು ಐಡಾ ಡಬಲ್‌ಡೇ ಎಂಬವರು ಬಾಲವು ಉದ್ದವಾದಷ್ಟೂ ಘರ್ಷಣೆಯು ಕ್ರಮವಾಗಿ ಇಳಿಯುವುದೆಂಬುದನ್ನು ಅಳೆದು ನಿರ್ಧರಿಸಿದರು. ಒಣಗಿದ ಉಕ್ಕಿನ ಮೇಲೆ 10 ಕಿಲೋ ಭಾರದ ಉಕ್ಕಿನ ತುಂಡನ್ನು ಎಳೆಯಲು 5ರಿಂದ 8 ಕಿಲೋಗಳಷ್ಟು ಬಲ ಬೇಕಾದರೆ, ಮೇದಾಮ್ಲದ ಪದರವಿದ್ದಾಗ ಸುಮಾರು 1 ಕಿಲೋ ಸಾಕಾಗುತ್ತದೆ. ಸವೆತವಾದರೋ ಇದಕ್ಕಿಂತಲೂ ಬಹು ಹೆಚ್ಚಿನ ಪ್ರಮಾಣದಲ್ಲಿ ತಗ್ಗುವುದು.

ಹಿತ್ತಾಳೆಯ ದೀಪದ ಹಸಿರು

ಅಂಟುವಿಕೆಯು ಎಲ್ಲ ಲೋಹಗಳ ಮೇಲೂ ಒಂದೇ ಬಗೆಯದಲ್ಲ. ದೇವರ ಮುಂದಿನ ಹಿತ್ತಾಳೆಯ ದೀಪದಲ್ಲಿ ಎಣ್ಣೆಯನ್ನು ಹಲವು ದಿನ ಹಾಗೆಯೇ ಬಿಟ್ಟರೆ ಅದು ಹಸಿರಾಗುವುದನ್ನು ಪ್ರತಿಯೊಂದು ಮನೆಯ ಹೆಂಗಸರೂ ಬಲ್ಲರು. ಎಣ್ಣೆಯ ಮೇದಾಮ್ಲವು ಹಿತ್ತಾಳೆಯಲ್ಲಿನ ತಾಮ್ರದೊಡನೆ ಕೂಡಿ ಒಂದು ಬಗೆಯ ಸಾಬೂನು ಆಗಿರುವುದೇ ಆ ಹಸಿರು. ಬಟ್ಟೆ ಒಗೆಯುವ ಸಾಬೂನು ಮೇದಾಮ್ಲವೂ ಸೋಡವೂ ಕೂಡಿ ಆದುದು. ಇದು ಮೇದಾಮ್ಲವೂ ತಾಮ್ರವೂ ಕೂಡಿ ಆದುದು. ಕಬ್ಬಿಣ, ತಾಮ್ರ, ಸತುಗಳ ಮೇಲೆ ಹೀಗಾಗುವುದು. ಬೆಳ್ಳಿ, ಪ್ಲಾಟಿನಂ, ಗಾಜುಗಳ ಮೇಲೆ ಆಗುವುದಿಲ್ಲ. ಅಲ್ಲಿ ಅಣುಗಳು ಬರಿದೆ ಅಂಟಿರುತ್ತವೆ.

ಈ ವ್ಯತ್ಯಾಸವು ಬಿಸಿಯಲ್ಲಿ ಬಹಳ ಮುಖ್ಯವಾಗುತ್ತದೆ. ಪದರದಲ್ಲಿರುವ ಅಣುಗಳು ಶಾಶ್ವತವಾಗಿ ನಿಂತವುಗಳಲ್ಲ. ಪಂಕ್ತಿಯ ಊಟದಲ್ಲಿ ಒಬ್ಬನು ಎದ್ದ ಸ್ಥಳಕ್ಕೆ ಮತ್ತೊಬ್ಬನು ಬಂದು ಕುಳಿತುಕೊಳ್ಳುವಂತೆ ಕೆಲವು ಲೋಹವನ್ನು ಬಿಟ್ಟು ಎಣ್ಣೆಗೆ ಹೋಗುತ್ತವೆ, ಎಣ್ಣೆಯಿಂದ ಬೇರೆ ಕೆಲವು ಬಂದು ಸೇರುತ್ತವೆ. ಉಜ್ಜಿ ಕಿತ್ತುಹೋದ ಸ್ಥಳವೂ ಹೀಗೆಯೇ ತುಂಬಿಕೊಳ್ಳುವುದರಿಂದ ಎಣ್ಣೆಯಲ್ಲಿ ಸದಾ ಸ್ವಲ್ಪ ಆಮ್ಲ ಉಳಿದಿರಬೇಕು. ಶಾಖ ಏರಿದಂತೆ ಎದ್ದುಹೋಗುವವರು ಹೆಚ್ಚಿ ಬಂದು ಕೂರುವವರು ಕಡಮೆಯಾಗುತ್ತಾರೆ. ಸ್ಟಿಯರಿಕ್ ಆಮ್ಲವು 69 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಬೆಳ್ಳಿ ಪ್ಲಾಟಿನಂಗಳ ಮೇಲೆ ಅದರ ಪದರದ ಕಾಪು ಹೆಚ್ಚುಕಡಮೆ ಆ ಶಾಖದಲ್ಲಿಯೇ ಮುಗಿಯುವುದು. ಕಬ್ಬಿಣ ತಾಮ್ರಗಳ ಮೇಲಾದರೋ ಆದ ಸಾಬೂನು ಅದಕ್ಕಿಂತ ಹೆಚ್ಚಿನ ಶಾಖದಲ್ಲಿ ಕರಗುವುದರಿಂದ ಪದರವು 100 ಡಿಗ್ರಿಯನ್ನು ದಾಟಿಯೂ ನಿಲ್ಲಬಲ್ಲುದು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಬೌಡನ್ ಮತ್ತು ಟೇಬರ್ ಎಂಬವರು ಈ ವಿಷಯವನ್ನು ವಿಸ್ತಾರವಾಗಿ ಪರೀಕ್ಷಿಸಿ 1950ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಇನ್ನೂ ಹೆಚ್ಚಿನ ಬಿಸಿಗೂ ಒತ್ತಡಕ್ಕೂ ಮೇದಾಮ್ಲವು ಸಾಲದು. ಆದುದರಿಂದಲೇ ಗೇರುಪೆಟ್ಟಿಗೆಯ ಎಣ್ಣೆಯಲ್ಲಿ ಗಂಧಕ ರಂಜಕಗಳ ಸಂಯುಕ್ತಗಳನ್ನು ಸೇರಿಸಿರುತ್ತಾರೆ. ಅದರ ಕಟುವಾದ ವಾಸನೆಗೆ ಗಂಧಕವೇ ಕಾರಣ.

ದೀಪದ ಹಸಿರಿನಿಂದ ತಿಳಿಯಬೇಕಾದ ಮತ್ತೊಂದು ವಿಷಯವೂ ಇದೆ. ದೀಪದೊಳಗಿನ ಆ ಹಸಿರು ಆಕಾಶದಿಂದ ಬಿದ್ದುದಲ್ಲ. ದೀಪದ ತಾಮ್ರವೇ ಕರಗಿ ಬಂದುದು. ಒಂದು ಅಣುವಿನ ದಪ್ಪದ ಸಾಬೂನು ಲೋಹವನ್ನು ಕಾಯುತ್ತದೆ. ಆಮ್ಲವು ಅಧಿಕವಾಗಿ, ಜೊತೆಗೆ ನೀರೂ ಗಾಳಿಯೂ ಸೇರಿದರೆ ಸಾಬೂನು ಎಣ್ಣೆಯಲ್ಲಿ ಕರಗುತ್ತ ಹೋಗಿ ಲೋಹವನ್ನೇ ತಿನ್ನುತ್ತದೆ. ಪಂಪುಗಳ ಹಿತ್ತಾಳೆ ಮತ್ತು ಕಂಚಿನ ಬೇರಿಂಗುಗಳಿಗೆ ಕಮಟಾದ ಎಣ್ಣೆಯನ್ನು ಹಾಕುವುದು ಇದೇ ಕಾರಣದಿಂದ ಹಾನಿಕರ. ಸ್ವಲ್ಪ ಹುಳಿ ಒಳ್ಳೆಯದಾದರೆ ಹೆಚ್ಚು ಹುಳಿ ಇನ್ನೂ ಒಳ್ಳೆಯದೆಂದು ತಿಳಿಯುವುದು ತಪ್ಪು.

ಹಳೆಯ ಕೀಲೆಣ್ಣೆ

ಗಾಡಿಯ ಅಚ್ಚಿಗೆ ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಕೀಲೆಣ್ಣೆ ಮಾಡುವ ಪದ್ಧತಿಯು ಕನ್ನಡನಾಡಿನಲ್ಲಿ ಬಹು ಹಿಂದಿನಿಂದ ಬಂದಿದೆ. ಇದನ್ನು ಹಳ್ಳಿಯ ಒರಟು ಉಪಾಯವೆಂದು ತಳ್ಳಿಹಾಕುವವರು ಹರಳೆಣ್ಣೆಯ ಗುಣವನ್ನು ತಿಳಿದವರಲ್ಲ. ಅದರ ಮೇದಾಮ್ಲಗಳಲ್ಲಿ ನೂರಕ್ಕೆ 85ರಿಂದ 90 ಪಾಲು ರಿಸಿನೋಲಿಯಿಕ್ ಎಂಬುದು. ಇದಕ್ಕೆ ತಲೆಯಲ್ಲಿರುವ ಹಿಡಿತವಲ್ಲದೆ ಬಾಲದ ನಡುವೆ ಮತ್ತೊಂದು ಹಿಡಿತವಿದೆ. ಎಣ್ಣೆಯೂ ಬೀಜದೆಣ್ಣೆಗಳಲ್ಲೆಲ್ಲ ಗಟ್ಟಿಯಾದುದು. ಮೊದಲನೆಯ ಮಹಾಯುದ್ಧದಲ್ಲಿ ತಿರುಗುವ ಎಂಜಿನಿನ ವಿಮಾನಗಳಿಗೆ ಹರಳೆಣ್ಣೆಯನ್ನೇ ಹಾಕುತ್ತಿದ್ದರು. ಪೆಟ್ರೋಲಿನಲ್ಲಿ ಅದು ಸುಲಭವಾಗಿ ಕರಗಿ ತೊಳೆದುಹೋಗುವುದಿಲ್ಲವೆಂಬುದು ಅದಕ್ಕಿದ್ದ ಕಾರಣಗಳಲ್ಲಿ ಒಂದು. ಈ ಕಾಲದ ಗ್ರೀಸಿನಲ್ಲಿಯೂ ಹರಳೆಣ್ಣೆಯೇ ವೇಷ ಬದಲಿಸಿಕೊಂಡು ಬಂದಿದೆ. ಹರಳೆಣ್ಣೆಗೆ ಜಲಜನಕವನ್ನು ಸೇರಿಸಿ ಪಡೆದ ಮೇದಾಮ್ಲವನ್ನು ಲಿಥಿಯಂ ಎಂಬ ಲೋಹದ ಕ್ಷಾರದೊಡನೆ ಕೂಡಿಸಿ ಸಾಬೂನು ಮಾಡಿ, ಅದರಿಂದ ಖನಿಜ ತೈಲವನ್ನು ಹೆಪ್ಪುಗಟ್ಟಿಸಿದುದೇ ಅಂಗಡಿಗಳಲ್ಲಿ ಮಾರುವ ಲಿಥಿಯಂ ಗ್ರೀಸು.

ಗ್ರೀಸುಗಳಲ್ಲಿ ಭೇದವಿರುವುದನ್ನು ಕರಾವಳಿಯವರು ವಿಶೇಷವಾಗಿ ಗಮನಿಸಬೇಕು. ಸೋಡಿಯಂ ಸಾಬೂನಿನ ಗ್ರೀಸು ನೀರಿನಲ್ಲಿ ಕರಗುವುದರಿಂದ ಕೆಸರುಗದ್ದೆಗೆ ಇಳಿಯುವ ಟಿಲ್ಲರಿನ ಚಕ್ರಗಳಿಗೆ ಅದು ತಕ್ಕುದಲ್ಲ. ಸುಣ್ಣದ ಸಾಬೂನಿನ ಗ್ರೀಸು ನೀರನ್ನು ಚೆನ್ನಾಗಿ ತಡೆಯುವುದು, ಆದರೆ 100 ಡಿಗ್ರಿಗಿಂತ ಕಡಮೆ ಶಾಖದಲ್ಲಿಯೇ ಇಳಿದುಹೋಗುವುದು. ಲಿಥಿಯಂ ಗ್ರೀಸು ನೀರನ್ನೂ ಬಿಸಿಯನ್ನೂ ಒಂದು ಮಟ್ಟಿಗೆ ತಾಳುತ್ತದೆ.

ಹರಳೆಣ್ಣೆಯ ಈ ಹೊಗಳಿಕೆಯನ್ನು ಓದಿ ಅದನ್ನು ಎಂಜಿನಿನ ಎಣ್ಣೆಗೆ ಸುರಿಯಬಾರದು. ಖನಿಜ ತೈಲದೊಡನೆ ಅದು ಸರಿಯಾಗಿ ಬೆರೆಯದೆ ಬೇರ್ಪಡುವುದು, ಬಿಸಿಯಲ್ಲಿ ಅಂಟುಗಟ್ಟುವುದು. ತೆಂಗಿನೆಣ್ಣೆಯಾದರೋ ಸುಮಾರು 24 ಡಿಗ್ರಿಯಲ್ಲಿಯೇ ಹೆಪ್ಪುಗಟ್ಟುವುದು. ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಬಾಟಲಿಯೊಳಗೆ ಬೆಳ್ಳಗಾಗಿ ನಿಲ್ಲುವ ಎಣ್ಣೆಯು ಎಂಜಿನಿನ ಕಿರುನಾಳಗಳಲ್ಲಿಯೂ ಹಾಗೆಯೇ ನಿಲ್ಲುವುದು. ಗಾಡಿಯ ಅಚ್ಚು, ಬಾವಿಯ ರಾಟೆ, ಬಾಗಿಲ ಕೀಲು, ಕತ್ತಿ ಕುಡುಗೋಲುಗಳಿಗೆ ಮನೆಯ ಎಣ್ಣೆಯು ಸರಿ. ಎಂಜಿನಿಗೆ ತಯಾರಕರು ಸೂಚಿಸಿದ ಎಣ್ಣೆಯೇ ಸರಿ.

ಡೀಸೆಲ್ಲಿನೊಳಗಿನ ಸೇರ್ಪಡೆ

ಡೀಸೆಲ್ ಎಂಜಿನಿನಲ್ಲಿ ಡೀಸೆಲ್ಲನ್ನು ಚಿಮ್ಮಿಸುವ ಪಂಪಿನ ಒಳಭಾಗಗಳಿಗೆ ಅನೇಕ ಮಾದರಿಗಳಲ್ಲಿ ಬೇರೆ ಕೀಲೆಣ್ಣೆ ಇರುವುದಿಲ್ಲ. ಹಾದುಹೋಗುವ ಡೀಸೆಲ್ಲೇ ಅದಕ್ಕೆ ಕೀಲೆಣ್ಣೆ. ಡೀಸೆಲ್ ತೆಳುವಾದ ದ್ರವವಾದ್ದರಿಂದ ಅಲ್ಲಿ ತೇಲುವಿಕೆ ಕಡಮೆ, ಅಂಟಿದ ಪದರವೇ ಆಧಾರ. ಹಿಂದೆ ಡೀಸೆಲ್ಲಿನಲ್ಲಿ ಸಹಜವಾಗಿದ್ದ, ಲೋಹಕ್ಕೆ ಅಂಟುವ ಗುಣದ ಕೆಲವು ಪದಾರ್ಥಗಳು ಈ ಕೆಲಸವನ್ನು ಮಾಡುತ್ತಿದ್ದುವು. ಹೊಗೆಯ ಕೆಡುಕನ್ನು ತಗ್ಗಿಸಲು ಗಂಧಕವನ್ನು ತೆಗೆಯುವ ಕ್ರಮ ಬಂದಾಗ, ಅದೇ ಸಂಸ್ಕಾರದಲ್ಲಿ ಈ ಪದಾರ್ಥಗಳೂ ಹೊರಟುಹೋದುವು. ಸ್ವೀಡನ್ ದೇಶದಲ್ಲಿ 1990ರ ದಶಕದ ಆರಂಭದಲ್ಲಿ ಗಂಧಕ ತೆಗೆದ ಡೀಸೆಲ್ಲನ್ನು ಮಾರಲು ತೊಡಗಿದೊಡನೆ ಪಂಪುಗಳು ಅಕಾಲದಲ್ಲಿ ಸವೆಯತೊಡಗಿದುವು. ಕಾರಣವನ್ನು ವಿಚಾರಿಸಿ, ಮೇದಾಮ್ಲಗಳನ್ನೋ ಅವುಗಳಿಂದಾದ ಪದಾರ್ಥಗಳನ್ನೋ ಹತ್ತು ಲಕ್ಷ ಪಾಲು ಡೀಸೆಲ್ಲಿಗೆ ನೂರು ಇನ್ನೂರು ಪಾಲಿನಂತೆ ಸೇರಿಸಿ ಅದನ್ನು ಸರಿಪಡಿಸಲಾಯಿತು.

ಭಾರತದಲ್ಲಿ 2017ರ ಏಪ್ರಿಲಿನಿಂದ ದೇಶದ ಎಲ್ಲೆಡೆಯೂ ಹತ್ತು ಲಕ್ಷಕ್ಕೆ 50 ಪಾಲು, 2020ರ ಏಪ್ರಿಲ್ 1ರಿಂದ 10 ಪಾಲಿಗೆ ಮೀರದ ಗಂಧಕವುಳ್ಳ ಡೀಸೆಲ್ ಮಾತ್ರ ಮಾರಾಟವಾಗಬೇಕೆಂಬ ನಿಯಮವಾಗಿದೆ. ಇದರ ಜೊತೆಗೆ ಸವೆತದ ಪರೀಕ್ಷೆಯೂ ಉಂಟು. 6 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು 60 ಡಿಗ್ರಿ ಶಾಖದ ಡೀಸೆಲ್ಲಿನಲ್ಲಿ ಮುಳುಗಿಸಿದ ಉಕ್ಕಿನ ಬಿಲ್ಲೆಯ ಮೇಲೆ 75 ನಿಮಿಷಗಳ ಕಾಲ ಹಿಂದಕ್ಕೂ ಮುಂದಕ್ಕೂ ಉಜ್ಜಿ, ಗುಂಡಿನ ಮೇಲಾದ ಕಲೆಯನ್ನು ಅಳೆಯುತ್ತಾರೆ. ಕಲೆಯು 460 ಮೈಕ್ರೋಮೀಟರಿಗೆ, ಎಂದರೆ ಅರ್ಧ ಮಿಲಿಮೀಟರಿಗೂ ಕಡಮೆಯಾದ ಈ ಅಳತೆಗೆ ಮೀರಕೂಡದು.

ಇಷ್ಟು ಅಲ್ಪವಾದ ಸೇರ್ಪಡೆಯ ಮೇಲೆ ಪಂಪಿನ ಬಾಳು ನಿಂತಿರುವುದರಿಂದಲೇ ಡೀಸೆಲ್ಲಿಗೆ ಸೀಮೆಎಣ್ಣೆಯನ್ನು ಬೆರೆಸುವುದು ದೊಡ್ಡ ಕೇಡು. ಸೀಮೆಎಣ್ಣೆಯು ಡೀಸೆಲ್ಲಿಗಿಂತ ತೆಳುವು, ಅದಕ್ಕೆ ಈ ಸೇರ್ಪಡೆಯೂ ಇರುವುದಿಲ್ಲ. ಅರ್ಧಕ್ಕರ್ಧ ಬೆರೆಸಿದರೆ ಸೇರ್ಪಡೆಯೂ ಅರ್ಧವಾಯಿತು. ಗದ್ದೆಯಲ್ಲಿ ಸಸಿಗಳು ವಿರಳವಾದುವು. ಎಂಜಿನು ಅಂದು ಓಡುವುದು, ಮರುದಿನವೂ ಓಡುವುದು. ಆದುದರಿಂದಲೇ ಬೆರಕೆ ಮಾಡಿದವರಿಗೆ ಅದರ ಫಲವು ಕಾಣುವುದಿಲ್ಲ. ಪಂಪು ಸವೆದು ಹೊಗೆ ಕಪ್ಪಾಗುವ ಹೊತ್ತಿಗೆ ಉಳಿಸಿದ ಹಣದ ಹಲವು ಪಾಲು ಕೈಬಿಟ್ಟಿರುತ್ತದೆ. ಕಡಮೆ ಬೆಲೆಗೆ ಡಬ್ಬಗಳಲ್ಲಿ ಬರುವ ಡೀಸೆಲ್ಲನ್ನು ಊರಿನ ಮುಖ್ಯಸ್ಥರು ತಮ್ಮವರಿಗೆ ಕೊಳ್ಳಗೊಡದಿರುವುದು ಲೇಸು. ಸಂಶಯ ಬಂದಲ್ಲಿ ಡೀಸೆಲ್ ಬಂಕಿನಲ್ಲಿ ಸಾಂದ್ರತೆಯನ್ನು ಅಳೆದು ತೋರಿಸುವಂತೆ ಕೇಳುವ ಹಕ್ಕು ಗಿರಾಕಿಗಿದೆ. ಬೆರಕೆಯಿಂದ ಸಾಂದ್ರತೆ ತಗ್ಗಿದ್ದರೆ ಅದು ಗೊತ್ತಾಗುವುದು.

ಡೀಸೆಲ್ಲಿಗೆ ನೀರು ಸೇರುವುದೂ ಇದಕ್ಕೆ ಸಮನಾದ ಕೇಡು. ನೀರಿನ ಅಣುವಿಗೂ ಲೋಹದ ಮೇಲೆ ಬಲವಾದ ಒಲವಿರುವುದರಿಂದ ಅದು ಮೇದಾಮ್ಲದ ಸ್ಥಳಕ್ಕೆ ಸ್ಪರ್ಧಿಸುತ್ತದೆ. ಉಪ್ಪುಳ್ಳ ನೀರಾದರೆ ತುಕ್ಕನ್ನು ಹತ್ತಿಸುತ್ತದೆ. ಒಂದು ಅಣುವಿನ ಪದರವು ಉಜ್ಜಾಟವನ್ನು ತಡೆಯಬಲ್ಲುದೇ ಹೊರತು ನಾಲ್ಕು ತಿಂಗಳು ಕಡಲ ಗಾಳಿಯನ್ನು ತಡೆಯಲಾರದು. ತುಕ್ಕಿನ ವಿಷಯದಲ್ಲಿ ದಪ್ಪ ಲೇಪವೇ ಬೇಕು.

ಮಳೆಗಾಲಕ್ಕೆ ಮುನ್ನ ಮಾಡತಕ್ಕುದು

ಎಂಜಿನನ್ನು ಒಳಗಿಡುವ ದಿನ ಅದನ್ನು ಬಿಸಿಯಾಗುವವರೆಗೆ ಓಡಿಸಿ, ಹಳೆಯ ಎಣ್ಣೆಯನ್ನು ಬಿಸಿಯಿರುವಾಗಲೇ ಪೂರ್ತಿಯಾಗಿ ಇಳಿಸಿಬಿಡಬೇಕು. ಉರಿಯುವಿಕೆಯಿಂದ ಹುಟ್ಟಿದ ಆಮ್ಲಗಳೂ ನೀರೂ ಅದರಲ್ಲಿ ಸೇರಿರುತ್ತವೆ. ಅವುಗಳನ್ನು ಅಣಗಿಸಲೆಂದು ಎಣ್ಣೆಯಲ್ಲಿ ಹಾಕಿದ್ದ ಕ್ಷಾರವು ಅಷ್ಟು ಹೊತ್ತಿಗೆ ಖರ್ಚಾಗಿರುತ್ತದೆ. ಈ ಎಣ್ಣೆಯನ್ನು ಮಳೆಗಾಲವೆಲ್ಲ ಬೇರಿಂಗುಗಳ ಮೇಲೆ ಬಿಡುವುದಕ್ಕಿಂತ ಕೆಟ್ಟ ಉಳಿತಾಯವಿಲ್ಲ. ಅನೇಕರು ಹೊಸ ಎಣ್ಣೆಯನ್ನು ಹಂಗಾಮಿನ ಆರಂಭದಲ್ಲಿ ಹಾಕುತ್ತಾರೆ. ಅದನ್ನು ಹಂಗಾಮಿನ ಕೊನೆಯಲ್ಲಿ ಹಾಕುವುದೇ ಮೇಲು. ಹೊಸ ಎಣ್ಣೆ ಹಾಕಿ ಐದು ನಿಮಿಷ ಓಡಿಸಿ ನಿಲ್ಲಿಸಿದರೆ ಅದು ಎಲ್ಲ ಮೈಗಳಿಗೂ ತಲುಪಿ ಪದರವು ಹೊಸದಾಗಿ ಕೂರುವುದು. ಡೀಸೆಲ್ ತೊಟ್ಟಿಯನ್ನು ಖಾಲಿಯಾಗಿ ಬಿಡದೆ ತುಂಬಿಸಿಡಬೇಕು. ಖಾಲಿಯಿದ್ದಲ್ಲಿ ತೇವದ ಗಾಳಿ ಹೊಕ್ಕು ನೀರಾಗಿ ಇಳಿಯುವುದು. ಹೊರಗೆ ಕಾಣುವ ಲೋಹಕ್ಕೆಲ್ಲ ಗ್ರೀಸನ್ನು ದಪ್ಪವಾಗಿ ಮೆತ್ತಬೇಕು. ಗ್ರೀಸು ಗನ್ನಿನಿಂದ ಗ್ರೀಸು ತುಂಬುವ ಕಡೆಗಳಲ್ಲಿ ಹಳೆಯ ಕೊಳೆ ಹೊರಬಿದ್ದು ಹೊಸ ಗ್ರೀಸು ಕಾಣುವವರೆಗೆ ಒತ್ತಬೇಕು.

ಮಳೆಗಾಲದಲ್ಲಿ ಹದಿನೈದು ದಿನಗಳಿಗೊಮ್ಮೆ ಡಿಕಂಪ್ರೆಶನ್ ಲಿವರನ್ನು ಎತ್ತಿ ಹಿಡಿಯನ್ನು ಹತ್ತಾರು ಸುತ್ತು ತಿರುಗಿಸಿದರೆ ಒಂದೇ ಸ್ಥಳದಲ್ಲಿ ಒರಗಿ ಕುಳಿತ ಮೈಗಳು ಸ್ಥಾನ ಬದಲಿಸುವುವು. ಮನೆಯ ಹುಡುಗರಿಗೆ ಈ ಕೆಲಸವನ್ನು ವಹಿಸಬಹುದು. ಆದರೆ ಡೀಸೆಲ್ ಮುಚ್ಚಿರುವುದನ್ನು ಹಿರಿಯರು ನೋಡಿಕೊಂಡಿರಬೇಕು. ಮಳೆ ಕಳೆದು ಎಂಜಿನನ್ನು ಹೊರತಂದ ದಿನ ನೇರವಾಗಿ ಹೊಡೆದು ಹೊರಡಿಸಬಾರದು. ಡೀಸೆಲ್ ಸೋಸುಕದ ತಳದಲ್ಲಿ ನಿಂತ ನೀರನ್ನು ಬಿಟ್ಟು, ಲಿವರನ್ನು ಎತ್ತಿಕೊಂಡು ಹಿಡಿಯನ್ನು ಮೆಲ್ಲಗೆ ಇಪ್ಪತ್ತು ಮೂವತ್ತು ಸುತ್ತು ತಿರುಗಿಸಿ ಎಣ್ಣೆಯನ್ನು ಮೇಲಕ್ಕೆ ಏರಿಸಬೇಕು. ಹಿಡಿಯು ಬಿಗಿಯಾಗಿ ಕಂಡರೆ ಬಲ ಹಾಕದೆ ಬಿಚ್ಚಿಸಿ ನೋಡಬೇಕು. ಹೊರಟ ಮೇಲೆ ಮೊದಲ ಕೆಲವು ನಿಮಿಷ ನೀರಿನ ಭಾರವನ್ನು ಹೊರಿಸದೆ ಮಂದಗತಿಯಲ್ಲಿ ಓಡಿಸಿ, ಎಣ್ಣೆಯು ಬಿಸಿಯಾದ ಬಳಿಕ ಪಂಪಿನ ಬೆಲ್ಟನ್ನು ಹಾಕತಕ್ಕದ್ದು.